ನೋಟ್‌ಬುಕ್ಕಿನ ಕೊನೇ ಪೇಜಿನ ಕಾರು

ಇವತ್ತು ದೋಣಿಗಲ್‌ನಿಂದ ಮಾತಾಡ್ತಿದೀನಿ. ಹಿಂದೆ ಗರ್‌ರ್ ಅಂತ ಕೇಳಿಸ್ತಿರೋದು ಶಿರಾಡಿ ಘಾಟಿ ಹತ್ತಿ ಬರ್ತಿರೋ ಲಾರಿಗಳ ಸದ್ದು. ಸ್ವಲ್ಪ ಸಹಿಸ್ಕೊಳ್ಳಿ.

ಹೋದ ವಾರ ಈ ಕಡೆಯ ಹುಡುಗನೊಬ್ಬ ವಾಯ್ಸ್ ನೋಟ್ ಕಳಿಸಿದ್ದ. ಸೆಕೆಂಡ್ ಪಿಯುಸಿ, ಕಾಮರ್ಸ್. "ಅಣ್ಣಾ, ಚಿಕ್ಕವನಿದ್ದಾಗಿಂದ ಕಾಮಿಕ್ಸ್ ನೋಡ್ಕೊಂಡು ಗಾಡಿ ಬಿಡಿಸ್ತೀನಿ. ಅಕೌಂಟ್ಸ್ ನೋಟ್‌ಬುಕ್ಕಿನ ಕೊನೇ ಪೇಜೆಲ್ಲ ಕಾರೇ. ಇದೇನು ಅನ್ನ ಹಾಕುತ್ತಾ ಅಂತಾರೆ ಮನೇಲಿ. ನಾನು ಸೈನ್ಸೂ ತಗೊಂಡಿಲ್ಲ. ಕಾರ್ ಡಿಸೈನರ್ ಆಗೋ ಆಸೆ ಇಲ್ಲಿಗೇ ಮುಗೀತಾ?" ಅಂತ ಕೇಳಿದ್ದ. ನಾನೂ ಬಿಕಾಂ ಮಾಡಿದವನು. ಈ ಪ್ರಶ್ನೆಗೆ ಸುಮ್ಮನೆ "ಆಲ್ ದಿ ಬೆಸ್ಟ್" ಹೇಳಿ ಜಾರಿಕೊಳ್ಳೋಕೆ ಮನಸ್ಸು ಬರಲಿಲ್ಲ.

ಮೊದಲು ನಮ್ಮ ತೋಟದ ಜೀಪಿನಿಂದಲೇ ಶುರು ಮಾಡೋಣ. ಜೀಪ್ ಅನ್ನೋ ಹೆಸರು ಎಲ್ಲಿಂದ ಬಂತು ಅನ್ನೋದಕ್ಕೆ ಎರಡು ಮೂರು ಕಥೆಗಳಿವೆ. ಅದರಲ್ಲಿ ಒಂದು ಕಾಮಿಕ್ಸ್‌ನದು. 1936ರಲ್ಲಿ ಪಾಪಾಯ್ ಚಿತ್ರಕಥೆಯಲ್ಲಿ ಇ. ಸಿ. ಸೀಗರ್ ಅವರು ಯೂಜೀನ್ ದಿ ಜೀಪ್ ಅಂತ ಒಂದು ವಿಚಿತ್ರ ಪ್ರಾಣಿಯನ್ನ ತಂದರು. ಅದು ಎಲ್ಲಿಗೆ ಬೇಕಾದರೂ ನುಗ್ಗುತ್ತೆ, ಮಾಯ ಆಗುತ್ತೆ. ಎಲ್ಲಿಗೆ ಬೇಕಾದರೂ ನುಗ್ಗೋ ಸೇನೆಯ ಗಾಡಿಗೂ ಅಮೆರಿಕದ ಸೈನಿಕರು ಅದೇ ಹೆಸರಿಟ್ಟರು ಅಂತಾರೆ. ಹೆಸರಿನ ಕಥೆ ಏನೇ ಇರಲಿ, ಗಾಡಿಯ ರೂಪ ನೋಡಿ. ಎರಡು ದುಂಡು ಲೈಟು, ನಡುವೆ ನೆಟ್ಟಗಿನ ಸೀಳುಗಳು, ಚಪ್ಪಟೆ ಬಾನೆಟ್. ಐದು ವರ್ಷದ ಮಗು ಬಿಡಿಸಿದರೂ ಅದು ಜೀಪೇ ಅಂತ ಗೊತ್ತಾಗುತ್ತೆ.

ಕಾಮಿಕ್ಸ್ ಮೊದಲು ಕಲಿಸೋದು ಇದನ್ನೇ. ಬಾಲಮಂಗಳದ ಡಿಂಗನ್ನ ದೂರದಿಂದ ನೆರಳು ನೋಡಿದರೂ ಗುರುತು ಹಿಡಿಯಬಹುದಿತ್ತು. ನಾಲ್ಕೇ ಗೆರೆಯಲ್ಲಿ ಒಂದು ಸ್ವಭಾವ. ಕಾರ್ ಡಿಸೈನರ್‌ನ ಮೊದಲ ಸ್ಕೆಚ್‌ನಲ್ಲೂ ಹುಡುಕಾಟ ಅದೇ: ಈ ಗಾಡಿ ಸಿಟ್ಟಿನದಾ, ಸಾಧುವಾ, ಓಡೋಕೆ ತುದಿಗಾಲಲ್ಲಿ ನಿಂತಿದೆಯಾ?

ಇನ್ನೊಂದು ಪಾಠ ಕೋನದ್ದು. ಇಲ್ಲೇ ಪಕ್ಕದ ಮಂಜರಾಬಾದ್ ಕೋಟೆ ನೋಡಿದೀರಲ್ಲ, ಟಿಪ್ಪು ಕಟ್ಟಿಸಿದ್ದು. ಕೆಳಗೆ ನಿಂತರೆ ಬರೀ ಗೋಡೆ. ಡ್ರೋನ್ ವಿಡಿಯೋದಲ್ಲಿ ನೋಡಿದರೆ ಎಂಟು ಮೂಲೆಯ ನಕ್ಷತ್ರ. ಕೋಟೆ ಒಂದೇ, ನೋಡೋ ಜಾಗ ಬೇರೆ. ಕಾಮಿಕ್ಸ್ ಬಿಡಿಸೋರು ಒಂದು ಚೌಕದಲ್ಲಿ ಗಾಡಿಯನ್ನ ಮುಂದಿನಿಂದ, ಮುಂದಿನ ಚೌಕದಲ್ಲಿ ಮೇಲಿನಿಂದ ತೋರಿಸ್ತಾರೆ. ಡಿಸೈನ್ ಸ್ಟುಡಿಯೋದಲ್ಲೂ ಪಕ್ಕದಿಂದ, ಮುಂದಿನಿಂದ, ಮೇಲಿನಿಂದ, ಓರೆಯಾಗಿ, ಹೀಗೆ ಒಂದೇ ಕಾರನ್ನ ಹತ್ತಾರು ಸಲ ಬಿಡಿಸಬೇಕು. ಆಮೇಲೆ ಕಂಪ್ಯೂಟರ್ ಮಾಡೆಲ್, ಜೇಡಿಮಣ್ಣಿನಂಥ ಕ್ಲೇ ಮಾಡೆಲ್.

ಆದರೆ ಒಂದು ವ್ಯತ್ಯಾಸ ಇದೆ. ಕಾಮಿಕ್ಸ್ ಕಾರಲ್ಲಿ ಯಾರೂ ಕೂರಬೇಕಾಗಿಲ್ಲ. ನಿಜವಾದ ಕಾರಲ್ಲಿ ನಿಮ್ಮಜ್ಜಿ ಹತ್ತಿ ಇಳಿಯಬೇಕು, ಘಾಟಿಯ ಮಂಜಲ್ಲಿ ಡ್ರೈವರ್‌ಗೆ ದಾರಿ ಕಾಣಬೇಕು. 2001ರಲ್ಲಿ ಬೆಂಗಳೂರಿನ ಚೇತನ್ ಮೈನಿ ಅವರ ತಂಡ ರೇವಾ ಅನ್ನೋ ಪುಟ್ಟ ಎಲೆಕ್ಟ್ರಿಕ್ ಕಾರನ್ನ ಮಾರುಕಟ್ಟೆಗೆ ತಂತು. ನೋಡೋಕೆ ಕಾಮಿಕ್ಸ್ ಪುಟದಿಂದ ಎದ್ದು ಬಂದ ಹಾಗೇ ಇತ್ತು. ಆದರೆ ಒಳಗೆ ಲೆಕ್ಕಾಚಾರ: ಸ್ಟೀಲ್ ಕೊಳವೆಗಳ ಚೌಕಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಕೆ. ಮುಂದೆ ಅದೇ ಕಾರು ಜಿ-ವಿಜ್ ಹೆಸರಲ್ಲಿ ಲಂಡನ್ ಬೀದಿಗಳಲ್ಲೂ ಓಡಿತು.

ಕಾಮಿಕ್ಸ್‌ನಿಂದ ನೇರವಾಗಿ ಕಾರಿಗೆ ಹೋದವರೂ ಇದ್ದಾರೆ. ಡ್ರ್ಯಾಗನ್ ಬಾಲ್ ಬರೆದ ಅಕಿರಾ ತೊರಿಯಾಮಾಗೆ ಗಾಡಿ ಅಂದ್ರೆ ಪ್ರಾಣವಾಗಿತ್ತು. ಗೊಕು ಜೊತೆಗೆ ಆ ಉಬ್ಬು ಉಬ್ಬಾದ ಕಾರು, ಬೈಕುಗಳೂ ನಿಮಗೆ ನೆನಪಿರಬೇಕು. 2005ರಲ್ಲಿ ಅವರು ಒಬ್ಬರೇ ಕೂರೋ ಎಲೆಕ್ಟ್ರಿಕ್ ಕಾರನ್ನೇ ಡಿಸೈನ್ ಮಾಡಿಕೊಟ್ಟರು.

ಇನ್ನು ಓದಿನ ವಿಭಾಗದ ಮಾತು. ಘಾಟಿ ಕೆಳಗಿನ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಓದಿದ್ದು ಕೆಮಿಕಲ್ ಟೆಕ್ನಾಲಜಿ. 1967ರಲ್ಲಿ ಅಮರ ಚಿತ್ರ ಕಥೆ, 1980ರಲ್ಲಿ ಟಿಂಕಲ್ ಶುರು ಮಾಡಿದ್ದು ಅವರೇ. ಓದಿದ ಸಬ್ಜೆಕ್ಟಿನ ಹಿಂದೆಯೇ ಬದುಕು ಹೋಗಬೇಕು ಅಂತೇನಿಲ್ಲ.

ಹಾಗಾಗಿ ತಮ್ಮಾ, ಮುಗಿದಿಲ್ಲ. ಐಐಟಿ ಬಾಂಬೆ ನಡೆಸೋ ಯುಸೀಡ್ ಪರೀಕ್ಷೆಯನ್ನ ಸೈನ್ಸ್, ಕಾಮರ್ಸ್, ಆರ್ಟ್ಸ್ ಯಾರು ಬೇಕಾದರೂ ಬರೆಯಬಹುದು. ಅದರಿಂದ ಬಿ.ಡಿಸ್. ಸೀಟು. ಕೈಯಲ್ಲಿ ಚಿತ್ರ ಬಿಡಿಸೋ ಭಾಗ ಅದರಲ್ಲೇ ಇದೆ. ಆದರೆ ಎರಡೇ ಅವಕಾಶ, ಅದೂ ಸಾಲಾಗಿ ಎರಡು ವರ್ಷ. ಅಹಮದಾಬಾದಿನ ಎನ್‌ಐಡಿಗೂ ಯಾವ ವಿಭಾಗದವರಾದರೂ ಸರಿ. ಅವರ ಗಾಂಧಿನಗರ ಕ್ಯಾಂಪಸ್ಸಿನಲ್ಲಿ ಎಂ.ಡಿಸ್. ಮಟ್ಟದಲ್ಲಿ ವಾಹನ ವಿನ್ಯಾಸಕ್ಕೇ ಕೋರ್ಸ್ ಇದೆ.

ಸುಲಭ ಅಂತ ಹೇಳ್ತಿಲ್ಲ. ಸೀಟು ಕಡಿಮೆ, ಫೀಸು ಜಾಸ್ತಿ. ಮನೆಯವರ ಭಯಕ್ಕೂ ಅರ್ಥ ಇದೆ, ಕಾಫಿ ರೇಟು ಬಿದ್ದ ವರ್ಷ ಹೇಗಿರುತ್ತೆ ಅಂತ ಅವರು ಕಂಡವರು. ಅವರ ಹತ್ರ ಹಟ ಮಾಡ್ಬೇಡ. ಪರೀಕ್ಷೆ ಯಾವಾಗ, ಖರ್ಚು ಎಷ್ಟು, ಸಿಗದಿದ್ದರೆ ಬಿಕಾಂ ಎಲ್ಲಿ ಅಂತ ಒಂದು ಹಾಳೇಲಿ ಬರ್ಕೊಂಡು ಹೋಗು. ಅಕೌಂಟ್ಸ್ ಓದಿದ್ದೀಯಲ್ಲ, ಲೆಕ್ಕ ತೋರಿಸು.

ಇವತ್ತಿನ ಹೋಮ್‌ವರ್ಕ್ ಎಲ್ಲರಿಗೂ: ಕಾಫಿ ಮೂಟೆ, ಇಬ್ಬರು ಕೆಲಸದವರು, ಜೋರು ಮಳೆ, ಕೆಸರಿನ ಏರು. ಈ ನಾಲ್ಕಕ್ಕೂ ಒಗ್ಗೋ ಒಂದು ಗಾಡಿ ಬಿಡಿಸಿ. ಮೂರು ಕೋನದಿಂದ. ಕೊನೇ ಪೇಜಲ್ಲಿ ಬೇಡ, ಹೊಸ ನೋಟ್‌ಬುಕ್ಕಿನ ಮೊದಲ ಪೇಜಲ್ಲಿ. ಸಿಗೋಣ.