ನಾಶವಾಗದ ಸಿನಿಮಾ



ಮಕ್ಕಳೇ, ದೆವ್ವದ ಸಿನಿಮಾ ನಿಮಗೆ ಇಷ್ಟ ಅಂತ ಗೊತ್ತು. ಒಂದು ಹಳೆಯದರ ಕಥೆ ಹೇಳುತ್ತೇನೆ. 1922ರಲ್ಲಿ ಜರ್ಮನಿಯ ನಿರ್ದೇಶಕ ಮುರ್ನೌ 'ನೊಸ್ಫೆರಾಟು' ಎಂಬ ಮೂಕಿ ಚಿತ್ರ ಮಾಡಿದರು. ಕಥೆ ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ 'ಡ್ರಾಕುಲಾ' ಕಾದಂಬರಿಯದು. ಹಕ್ಕು ಕೊಂಡಿರಲಿಲ್ಲ, ಡ್ರಾಕುಲಾನಿಗೆ ಓರ್ಲಾಕ್ ಎಂದು ಹೆಸರು ಬದಲಿಸಿದರು, ಅಷ್ಟೇ. ಈ ರಕ್ತಪಿಶಾಚಿ ಕೊನೆಗೆ ಬೆಳಗಿನ ಬಿಸಿಲು ತಾಗಿ ಮಾಯವಾಗುತ್ತಾನೆ. ಕಾದಂಬರಿಯ ಡ್ರಾಕುಲಾ ಬಿಸಿಲಿಗೆ ಸಾಯುವವನಲ್ಲ. ಸಿನಿಮಾದವರು ಸೇರಿಸಿದ್ದನ್ನೇ ಆಮೇಲಿನ ಎಷ್ಟೋ ಚಿತ್ರಗಳು ಹಿಡಿದುಕೊಂಡವು. ಅಂದಹಾಗೆ, ನಿರ್ಮಾಣ ಕಂಪನಿಯ ಹೆಸರು 'ಪ್ರಾಣ', ನಮ್ಮ ಪದವೇ!

ಸ್ಟೋಕರ್ ಅವರ ಪತ್ನಿ ಫ್ಲಾರೆನ್ಸ್ ಕೋರ್ಟಿಗೆ ಹೋದರು. ಎಲ್ಲ ಪ್ರತಿಗಳನ್ನೂ ನಾಶ ಮಾಡಬೇಕೆಂದು 1925ರಲ್ಲಿ ಆದೇಶವಾಯಿತು. ಅಷ್ಟರಲ್ಲಿ ಕೆಲವು ಪ್ರತಿಗಳು ಹೊರದೇಶ ಸೇರಿದ್ದವು. ಆದ್ದರಿಂದಲೇ ನಾವು ಇವತ್ತು ಅದನ್ನು ಮೊಬೈಲಿನಲ್ಲಿ ನೋಡುತ್ತಿದ್ದೇವೆ.

ಈಗ ನಮ್ಮದನ್ನು ನೋಡಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಅದನ್ನು ನಾಶ ಮಾಡಿ ಎಂದು ಯಾವ ಕೋರ್ಟೂ ಹೇಳಲಿಲ್ಲ. ಆದರೂ ಇಂದು ಒಂದು ಪ್ರತಿಯೂ ಸಿಗುವುದಿಲ್ಲ. ನನಗೆ ಓರ್ಲಾಕ್‌ಗಿಂತ ಇದೇ ಹೆಚ್ಚು ಭಯ.

ಸಾಫ್ಟ್‌ವೇರ್ ಕೆಲಸದಲ್ಲಿ, ಒಂದೇ ಕಡೆ ಇರುವ ಫೈಲನ್ನು ನಾವು 'ಇದೆ' ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಶಾಲೆಯ ಹಳೆಯ ಗ್ರೂಪ್ ಫೋಟೊಗಳು ಯಾರ ಯಾರ ಮನೆಯ ಟ್ರಂಕಿನಲ್ಲೋ ಒಂದೊಂದೇ ಇವೆ. ಊಟ ಆದ ಮೇಲೆ ಸ್ಕ್ಯಾನರ್ ಇಟ್ಟುಕೊಂಡು ಸ್ಟಾಫ್ ರೂಮಿನಲ್ಲಿ ಕೂತಿರುತ್ತೇನೆ. ತಂದವರು ಕೊಡಿ, ಐದು ನಿಮಿಷದಲ್ಲಿ ವಾಪಸ್ ಕೊಡುತ್ತೇನೆ. ಹಿಂಬದಿಯಲ್ಲಿ ಹೆಸರು ಬರೆದಿದ್ದರೆ ಅದೂ ಬೇಕು.