ಸಂಘದ ಕಂಪ್ಯೂಟರು ಬದಲಾದರೆ ನಮ್ಮ ಲೆಕ್ಕ ಬದಲಾಗಬಾರದು

(ರೈತರ ಕೂಟದಲ್ಲಿ ಗ್ರಾಮ ಸೇವಕರು ಮಾಡಿದ ಭಾಷಣ)



ನಾನು ಕೃಷಿ ಡಿಪ್ಲೊಮಾ ಓದಿ ಬಂದವನು. ಬೀಜ, ಗೊಬ್ಬರ, ಔಷಧಿ ಸಿಂಪಡಣೆ ಇವುಗಳ ವಿಷಯವಾಗಿ ನಿಮ್ಮೊಡನೆ ಮಾತನಾಡುವುದು ನನ್ನ ಕೆಲಸ. ಈ ದಿನ ಮಾತ್ರ ಕಂಪ್ಯೂಟರಿನ ವಿಷಯ ಹೇಳಬೇಕೆಂದು ನಿಂತಿದ್ದೇನೆ. "ಕಂಪ್ಯೂಟರಿಗೂ ನಮಗೂ ಏನು ಸಂಬಂಧ? ಅದೆಲ್ಲ ಕಾರ್ಯದರ್ಶಿಗಳ ಪಾಡು" ಎಂದು ನೀವು ಕೇಳಬಹುದು. ಸಂಬಂಧವಿದೆ. ನಿಮ್ಮ ಸಾಲದ ಬಾಕಿ, ಷೇರು ಹಣ, ಸರ್ವೆ ನಂಬರು, ಬ್ಯಾಂಕಿನ ಖಾತೆ ನಂಬರು ಇವೆಲ್ಲ ಈಗ ಅದರ ಹೊಟ್ಟೆಯೊಳಗಿವೆ. ಕಣಜದಲ್ಲಿ ಧಾನ್ಯ ಇಟ್ಟವನು ಕಣಜ ಬದಲಾಯಿಸುವ ದಿನ ಹತ್ತಿರ ನಿಂತು ನೋಡುವುದಿಲ್ಲವೇ? ಹಾಗೆಯೇ ಇದೂ.

ಈ ಮಾತಿಗೆ ಈಗಲೇ ಹೊತ್ತು ಬಂದಿದೆ. 2022ನೆಯ ಇಸವಿ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ಲೆಕ್ಕ ತರಲು 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ತಮ್ಮದೇ ಒಂದು ಬಗೆಯ ತಂತ್ರಾಂಶದಲ್ಲಿ ಲೆಕ್ಕ ಇಡುತ್ತಿದ್ದ ಸಂಘಗಳು ಇದರಿಂದ ಹೊಸದಕ್ಕೆ ಹೋಗಬೇಕಾಗುತ್ತದೆ. ಇನ್ನೊಂದು ಕಾರಣವೂ ಇದೆ. ಬಹಳ ಕಡೆ ಬಳಕೆಯಲ್ಲಿರುವ ವಿಂಡೋಸ್ 10 ಎಂಬುದಕ್ಕೆ ಅದರ ಕಂಪನಿಯು ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಹಳೆಯ ಯಂತ್ರಗಳಲ್ಲಿ ಅನೇಕವು ಅದರ ಮುಂದಿನದಾದ ವಿಂಡೋಸ್ 11ನ್ನು ಹೊರಲಾರವು. ಆದಕಾರಣ ಹಲವು ಸಂಘಗಳಿಗೆ ಬದಲಾವಣೆ ತಪ್ಪದು. ಬದಲಾವಣೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕಣ್ಣು ಮುಚ್ಚಿಕೊಂಡು ಬದಲಾಯಿಸುವುದು ಕೆಟ್ಟದ್ದು.

ನನ್ನಿಂದಲೇ ಆದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದು. ಒಂದು ಸಂಘದ ಸದಸ್ಯರ ಪಟ್ಟಿಯನ್ನು ಬೆಳೆ ವಿಮೆಯ ಕೆಲಸಕ್ಕಾಗಿ ಕಳುಹಿಸಬೇಕಾಗಿತ್ತು. ಸಂಘದ ಹಳೆಯ ಕಂಪ್ಯೂಟರಿನಿಂದ ಪಟ್ಟಿಯನ್ನು ಪೆನ್ ಡ್ರೈವಿನಲ್ಲಿ ತೆಗೆದುಕೊಂಡು ಬಂದು ನನ್ನ ಕಂಪ್ಯೂಟರಿನಲ್ಲಿ ತೆರೆದೆ. ಒಂದು ಹೆಸರಾದರೂ ಕನ್ನಡದಲ್ಲಿ ಕಾಣಲಿಲ್ಲ. ಇಂಗ್ಲಿಷಿನ ಪಿ ಅಕ್ಷರ, ತಲೆಯ ಮೇಲೆ ಗೀಟು ಹಾಕಿದ ಎ, ನಡುನಡುವೆ ಪೌಂಡಿನ ಗುರುತು, ಹೀಗೆ ಸಾಲು ಸಾಲಾಗಿ ಬಂದಿತು. ತಿಳಿದವರೊಬ್ಬರನ್ನು ಕೇಳಿ, ಹಳೆಯ ಬಗೆಯ ಅಕ್ಷರವನ್ನು ನನ್ನ ಕಂಪ್ಯೂಟರಿಗೂ ಹಾಕಿಸಿದೆ. ಹೆಸರುಗಳು ಸರಿಯಾಗಿ ಕಂಡವು. ಕಷ್ಟ ತೀರಿತೆಂದು ಸಂತೋಷಪಟ್ಟು ಪಟ್ಟಿಯನ್ನು ಅಚ್ಚು ತೆಗೆದು ಸಂಘದ ಗೋಡೆಗೆ ಅಂಟಿಸಿದೆ.

ಮಾರನೆಯ ದಿನ ವಯಸ್ಸಾದ ತಾಯಿಯೊಬ್ಬರು ಮೊಮ್ಮಗನ ಕೈ ಹಿಡಿದುಕೊಂಡು ಬಂದರು. "ಏನಪ್ಪಾ, ನಮ್ಮ ಹೊಲ ಮಾರ್ಚಿ ತಿಂಗಳಿಗೆ ಹೊಂಟೋಯ್ತಂತಲ್ಲಾ?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಹೋಗಿ ನೋಡಿದರೆ, ಅವರ ಸರ್ವೆ ನಂಬರು 12/3 ಇದ್ದದ್ದು ಪಟ್ಟಿಯಲ್ಲಿ 12 ಮಾರ್ಚ್ ಆಗಿತ್ತು! 148/2 ಎಂಬಂಥ ನಂಬರುಗಳು ತಾರೀಖಾಗಲು ಹೊಂದುವುದಿಲ್ಲ, ಅವು ಹಾಗೆಯೇ ಉಳಿದಿದ್ದವು. ಮೊದಲನೆಯ ಪುಟದಲ್ಲಿ ಅಂಥವೇ ಹೆಚ್ಚಾಗಿದ್ದುದರಿಂದ ನನಗೆ ಗೊತ್ತಾಗಲಿಲ್ಲ. ಆಮೇಲೆ ಗಾಬರಿಯಿಂದ ಪುಸ್ತಕ ಇಟ್ಟುಕೊಂಡು ಹೋಲಿಸಿದಾಗ ಖಾತೆ ನಂಬರುಗಳೂ ಕೆಟ್ಟಿರುವುದು ತಿಳಿಯಿತು. ಸೊನ್ನೆಯಿಂದ ಶುರುವಾಗುವ ನಂಬರುಗಳಲ್ಲಿ ಆ ಸೊನ್ನೆಯೇ ಇರಲಿಲ್ಲ. 16 ಅಂಕೆಯ ನಂಬರುಗಳಲ್ಲಿ ಕೊನೆಯ ಅಂಕೆ ಏನೇ ಇದ್ದರೂ ಸೊನ್ನೆಯಾಗಿತ್ತು.

ಎರಡು ರಾತ್ರಿ ಕುಳಿತು ತಿದ್ದಿದೆವು. ಆದರೂ ಇಬ್ಬರ ಖಾತೆ ನಂಬರು ನಮ್ಮ ಕಣ್ಣು ತಪ್ಪಿಹೋಯಿತು. ಅವರ ಹಣ ಬರುವುದು ತಿಂಗಳುಗಟ್ಟಲೆ ತಡವಾಯಿತು. ಅವರಲ್ಲೊಬ್ಬರು ಬಿತ್ತನೆಗೆ ಕೈಸಾಲ ಮಾಡಿದರು. ಆ ಬಡ್ಡಿ ನನ್ನ ಅಜಾಗರೂಕತೆಯಿಂದ ಬಂದ ಬಡ್ಡಿ. ಅದನ್ನು ನಾನು ಮರೆತಿಲ್ಲ.

ಇದರಿಂದ ನಾನು ಕಲಿತದ್ದೇನೆಂದರೆ, ಕೂಗಿ ಹೇಳುವ ತಪ್ಪು ನಮ್ಮ ಸ್ನೇಹಿತ. ಸುಮ್ಮನೆ ಕುಳಿತ ತಪ್ಪೇ ಶತ್ರು. ಕನ್ನಡ ಅಕ್ಷರ ಕೆಟ್ಟದ್ದು ಕಣ್ಣಿಗೆ ಹೊಡೆಯಿತು, ಸರಿ ಮಾಡಿದೆವು. ಅಂಕೆ ಕೆಟ್ಟದ್ದು ಅಂಕೆಯಾಗಿಯೇ ಕಾಣುತ್ತಿತ್ತು, ಅದಕ್ಕೇ ತಿಳಿಯಲಿಲ್ಲ.

ಹೀಗೇಕೆ ಆಗುತ್ತದೆ? ಕಂಪ್ಯೂಟರಿಗೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುವುದು. ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಗೊತ್ತು ಮಾಡಿರುತ್ತಾರೆ. ಹಿಂದೆ ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ಆಗ ನುಡಿ, ಬರಹ ಮೊದಲಾದ ತಂತ್ರಾಂಶಗಳನ್ನು ಮಾಡಿದವರು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ಅಕ್ಷರಗಳನ್ನು ಕೂರಿಸಿದರು. ಅವರ ಉಪಕಾರ ದೊಡ್ಡದು. ಅವರಿಲ್ಲದಿದ್ದರೆ ಕಚೇರಿಗಳಲ್ಲಿ ಕನ್ನಡ ಕಾಣುತ್ತಲೇ ಇರಲಿಲ್ಲ. ಆದರೆ ಆ ಅಕ್ಷರವಿಲ್ಲದ ಕಂಪ್ಯೂಟರಿಗೆ ಕಡತ ಹೋದರೆ ಮನೆಯ ಮೊದಲಿನ ಯಜಮಾನನೇ ಕಾಣಿಸುತ್ತಾನೆ. ನಾನು ನೋಡಿದ ಪೌಂಡಿನ ಗುರುತು ಬಂದದ್ದು ಹಾಗೆ.

ನಮ್ಮ ಹಿರಿಯರ ಕಾಲದ ಸೇರು, ಕೊಳಗಗಳನ್ನು ನೆನಪು ಮಾಡಿಕೊಳ್ಳಿ. ಒಂದು ಸೀಮೆಯ ಕೊಳಗ ಇನ್ನೊಂದು ಸೀಮೆಯ ಕೊಳಗಕ್ಕೆ ಸರಿಬರುತ್ತಿರಲಿಲ್ಲ. 1956ರಲ್ಲಿ ತೂಕ ಅಳತೆಗಳ ಕಾಯಿದೆ ಬಂದು, 1958ರ ಅಕ್ಟೋಬರಿನಿಂದ ಕಿಲೋಗ್ರಾಂ ಬಳಕೆಗೆ ಬರತೊಡಗಿದ ಮೇಲೆ ಆ ಗೊಂದಲ ಕ್ರಮೇಣ ಹೋಯಿತು. ಅಕ್ಷರಗಳಿಗೂ ಅಂಥದೇ ಒಂದು ಅಳತೆ ಬಂದಿದೆ. ಅದರ ಹೆಸರು ಯೂನಿಕೋಡ್. 1991ರಲ್ಲಿ ಅದರ ಮೊದಲನೆಯ ಆವೃತ್ತಿ ಹೊರಬಂದಾಗಲೇ ಕನ್ನಡಕ್ಕೆ 128 ಮನೆಗಳನ್ನು ಬಿಟ್ಟುಕೊಟ್ಟರು. ಅದರಲ್ಲಿ ಅಕಾರಕ್ಕೆ 3205, ಕಕಾರಕ್ಕೆ 3221. ಈ ಸಂಖ್ಯೆ ಬೆಂಗಳೂರಿನಲ್ಲಾಗಲಿ ಅಮೆರಿಕದಲ್ಲಾಗಲಿ, ಕಂಪ್ಯೂಟರಿನಲ್ಲಾಗಲಿ ನಿಮ್ಮ ಜೇಬಿನ ಫೋನಿನಲ್ಲಾಗಲಿ ಒಂದೇ. ನುಡಿ, ಬರಹಗಳಲ್ಲಿಯೂ ಈಗ ಯೂನಿಕೋಡಿನಲ್ಲೇ ಬರೆಯಬಹುದು.

ಇನ್ನು ಸರ್ವೆ ನಂಬರಿನ ಮಾತು. ಲೆಕ್ಕದ ಹಾಳೆಯ ತಂತ್ರಾಂಶವು ಅತಿ ಜಾಣತನ ತೋರಿಸುತ್ತದೆ. ಓರೆ ಗೀಟಿನ ಅಂಕೆ ಕಂಡರೆ ತಾರೀಖೆಂದು ತಿಳಿಯುತ್ತದೆ. ನಮ್ಮ ದೇಶದ ಪದ್ಧತಿಗೆ ಹೊಂದಿಸಿದ ಕಂಪ್ಯೂಟರಿನಲ್ಲಿ 12/3 ಎಂದರೆ ಮಾರ್ಚ್ 12. ಅಮೆರಿಕದ ಪದ್ಧತಿಯದರಲ್ಲಿ ಡಿಸೆಂಬರ್ 3. ಉದ್ದವಾದ ಸಂಖ್ಯೆ ಕಂಡರೆ ಕೂಡಿ ಕಳೆಯುವ ಲೆಕ್ಕವೆಂದು ತಿಳಿದು 15 ಅಂಕೆಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಸೊನ್ನೆ ಮಾಡುತ್ತದೆ. ನಾವು ಹಳ್ಳಿಯವರೆಂದು ನಾಚಬೇಕಾಗಿಲ್ಲ. ದೊಡ್ಡ ವಿಜ್ಞಾನಿಗಳಿಗೂ ಇದೇ ಪಾಡಾಗಿ, ಮಾರ್ಚ್1, ಸೆಪ್ಟ್1 ಎಂಬಂಥ ಮನುಷ್ಯನ ಜೀನುಗಳ ಹೆಸರುಗಳನ್ನೇ ಬದಲಾಯಿಸಬೇಕಾಯಿತೆಂದು 2020ರಲ್ಲಿ ಪ್ರಕಟವಾಯಿತು.

ಹೊಂದಿಕೆಯೊಂದೇ ಸಾಲದು, ಬಾಳಿಕೆಯೂ ಬೇಕು. ಟ್ರ್ಯಾಕ್ಟರಿನ ಹಿಂಬದಿಯ ಮೂರು ಕೊಂಡಿಗಳನ್ನು ನೀವು ಬಲ್ಲಿರಿ. ಅವುಗಳ ಅಳತೆ ಗೊತ್ತಾಗಿರುವುದರಿಂದಲೇ ಒಂದು ಕಂಪನಿಯ ರೋಟವೇಟರು ಇನ್ನೊಂದು ಕಂಪನಿಯ ಟ್ರ್ಯಾಕ್ಟರಿಗೆ ಕೂರುತ್ತದೆ. ಆದರೆ ಕೂತ ಮಾತ್ರಕ್ಕೆ ಎಳೆಯುತ್ತದೆಯೇ? ಅಶ್ವಶಕ್ತಿ ಸಾಲದಿದ್ದರೆ ಕಪ್ಪು ಮಣ್ಣಿನ ನಡು ಹೊಲದಲ್ಲಿ ನಿಂತುಬಿಡುತ್ತದೆ.

ಇಂಗ್ಲೆಂಡಿನ ಕಡೆಯ ಟಿ.ಎಸ್.ಬಿ. ಎಂಬ ಬ್ಯಾಂಕಿನಲ್ಲಿ ಹೀಗೆಯೇ ಆಯಿತು. 2018ರ ಏಪ್ರಿಲ್ ತಿಂಗಳ ಒಂದು ಶನಿವಾರ ಭಾನುವಾರದಲ್ಲಿ ಅವರು ತಮ್ಮ ಗಿರಾಕಿಗಳ ಲೆಕ್ಕವನ್ನೆಲ್ಲ ಹೊಸ ವ್ಯವಸ್ಥೆಗೆ ಸಾಗಿಸಿದರು. ಗಿರಾಕಿಗಳು ಸುಮಾರು 52 ಲಕ್ಷ. ಲೆಕ್ಕವೇನೋ ಸುರಕ್ಷಿತವಾಗಿ ದಾಟಿತು. ಆದರೆ ಗಿರಾಕಿಗಳು ಬಂದು ಬಾಗಿಲು ತಟ್ಟುತ್ತಲೇ ಹೊಸ ವ್ಯವಸ್ಥೆ ಕುಸಿಯಿತು. ಜನಕ್ಕೆ ತಮ್ಮ ಖಾತೆಯನ್ನು ನೋಡಲು, ಹಣ ಕಟ್ಟಲು ಆಗಲಿಲ್ಲ. ಪೂರ್ತಿ ಸರಿಹೋಗುವ ಹೊತ್ತಿಗೆ ಡಿಸೆಂಬರ್ ಬಂದಿತ್ತು. ಎರಡು ಕಡೆ ಕಂಪ್ಯೂಟರ್ ಕೇಂದ್ರಗಳಿದ್ದರೂ ಹೊರೆ ತಾಳುವ ಪರೀಕ್ಷೆಯನ್ನು ಒಂದೇ ಕೇಂದ್ರದಲ್ಲಿ ಮಾಡಿದ್ದರೆಂಬುದು ವಿಚಾರಣೆಯಲ್ಲಿ ಹೊರಬಿತ್ತು. 2022ರ ಡಿಸೆಂಬರಿನಲ್ಲಿ ಆ ಬ್ಯಾಂಕಿಗೆ 4 ಕೋಟಿ 86 ಲಕ್ಷ 50 ಸಾವಿರ ಪೌಂಡು ದಂಡ ಬಿದ್ದಿತು. ಅಷ್ಟು ದೊಡ್ಡ ಬ್ಯಾಂಕೇ ಮುಗ್ಗರಿಸಿದ ಮೇಲೆ ನಮ್ಮ ಚಿಕ್ಕ ಸಂಘಗಳು ಎಷ್ಟು ಎಚ್ಚರದಿಂದಿರಬೇಕು!

ಹಾಗಾದರೆ ಏನು ಮಾಡಬೇಕು? ಸಂಘದ ಆಡಳಿತ ಮಂಡಳಿಯವರು ಈ ಕೆಳಗಿನ ಆರು ಮಾತುಗಳನ್ನು ನಡೆಸಿಕೊಡಬೇಕು.

1. ಬದಲಾಯಿಸುವ ಮುನ್ನ ಒಟ್ಟು ಸದಸ್ಯರ ಸಂಖ್ಯೆ, ಒಟ್ಟು ಸಾಲದ ಬಾಕಿ, ಒಟ್ಟು ಷೇರು ಹಣ, ಒಟ್ಟು ಠೇವಣಿ ಈ ನಾಲ್ಕನ್ನು ಕಾಗದದ ಮೇಲೆ ಬರೆದು ಅಧ್ಯಕ್ಷರೂ ಕಾರ್ಯದರ್ಶಿಯೂ ರುಜು ಹಾಕಬೇಕು. ಹೊಸ ಕಂಪ್ಯೂಟರಿನಲ್ಲಿ ಆ ನಾಲ್ಕೂ ಒಂದು ಪೈಸೆ ವ್ಯತ್ಯಾಸವಿಲ್ಲದೆ ಬರಬೇಕು.

2. ಮೊತ್ತ ಸರಿಬಂದರೆ ಸಾಲದು. ಬೀಜಕ್ಕೆ ಮೊಳಕೆ ಪರೀಕ್ಷೆ ಮಾಡುವಂತೆ ಕೆಲವು ಹೆಸರುಗಳನ್ನು ಆರಿಸಿ ಪುಸ್ತಕದೊಡನೆ ಹೋಲಿಸಬೇಕು. ಸುಲಭವಾದವನ್ನು ಆರಿಸಬಾರದು. ಕೃಷ್ಣಪ್ಪ, ಜ್ಞಾನಮ್ಮ, ಧರ್ಮಯ್ಯ ಇಂಥ ಒತ್ತಕ್ಷರ, ವಟ್ರಸುಳಿ, ಅರ್ಕಾವತ್ತು ಇರುವ ಹೆಸರುಗಳು, ಓರೆ ಗೀಟಿನ ಸರ್ವೆ ನಂಬರುಗಳು, ಸೊನ್ನೆಯಿಂದ ಶುರುವಾಗುವ ಮತ್ತು 16 ಅಂಕೆಯ ಖಾತೆಗಳನ್ನೇ ಆರಿಸಬೇಕು. ಕೆಡುವುದಾದರೆ ಅಲ್ಲೇ ಕೆಡುತ್ತದೆ. ಒಂದು ಕೆಟ್ಟದ್ದು ಸಿಕ್ಕಿದರೂ ಪೂರ್ತಿ ಪಟ್ಟಿಯನ್ನು ನೋಡಬೇಕು.

3. ಹಳೆಯ ಅಕ್ಷರದ ಕಡತಗಳನ್ನು ಪರಿವರ್ತಕದಿಂದ ಯೂನಿಕೋಡಿಗೆ ತರಬೇಕು. ತಂದ ಮೇಲೆ ಕನ್ನಡ ಚೆನ್ನಾಗಿ ಬಲ್ಲವರು ಒಮ್ಮೆ ಓದಬೇಕು. ಮೂಲ ಕಡತವನ್ನು ಅಳಿಸಬಾರದು.

4. ಸರ್ವೆ ನಂಬರು, ಖಾತೆ ನಂಬರು, ಆಧಾರ್ ನಂಬರು ಇವುಗಳ ಅಂಕಣವನ್ನು ತುಂಬುವ ಮೊದಲೇ "ಇದು ಲೆಕ್ಕವಲ್ಲ, ಬರಹ" ಎಂದು ಲೆಕ್ಕದ ಹಾಳೆಗೆ ಹೇಳಿಡಬೇಕು. ಅದಕ್ಕೆ ಟೆಕ್ಸ್ಟ್ ಎಂಬ ಆಯ್ಕೆ ಇದೆ. ಕೆಟ್ಟುಹೋದ ಮೇಲೆ ಹೇಳಿದರೆ ಹೋದ ಅಂಕೆ ಹಿಂದಿರುಗುವುದಿಲ್ಲ.

5. ಹೊಸ ತಳಿಯ ಬೀಜವನ್ನು ಹೊಲದ ಒಂದು ಮೂಲೆಯಲ್ಲಿ ಹಳೆಯ ತಳಿಯ ಪಕ್ಕದಲ್ಲೇ ಬಿತ್ತಿ ನೋಡುತ್ತೇವೆ. ಹಾಗೆಯೇ ಹಳೆಯ ಮತ್ತು ಹೊಸ ವ್ಯವಸ್ಥೆ ಎರಡರಲ್ಲೂ ಕೆಲವು ಕಾಲ ಒಟ್ಟಿಗೆ ಲೆಕ್ಕ ಬರೆಯಬೇಕು. ಸಾಲ ಕೊಡುವ, ವಸೂಲು ಮಾಡುವ ನೂಕುನುಗ್ಗಲಿನ ತಿಂಗಳನ್ನು ಹೊಸದು ದಾಟಿದ ಮೇಲೆ ಹಳೆಯದನ್ನು ಬಿಡಬಹುದು. ಆಗಲೂ ಹಳೆಯ ಯಂತ್ರವನ್ನು ಗುಜರಿಗೆ ಹಾಕಬೇಡಿ. ಇಂಟರ್‌ನೆಟ್ ಸಂಪರ್ಕ ತೆಗೆದು ಬೀರುವಿನಲ್ಲಿಡಿ.

6. ತಂತ್ರಾಂಶ ಕೊಡುವವರೊಡನೆ ಕರಾರು ಬರೆಯುವಾಗ, ನಾವು ಕೇಳಿದಾಗ ನಮ್ಮ ಲೆಕ್ಕವನ್ನೆಲ್ಲ ಬೇರೆ ಕಂಪ್ಯೂಟರೂ ಓದಬಲ್ಲ ಸಾದಾ ರೂಪದಲ್ಲಿ ಹೊರತೆಗೆದು ಕೊಡಬೇಕೆಂದು ಬರೆಸಿಕೊಳ್ಳಬೇಕು. ಧಾನ್ಯ ನಮ್ಮದು, ಕಣಜದ ಬೀಗದ ಕೈ ಬೇರೆಯವರ ಸೊಂಟದಲ್ಲಿರಬಾರದು.

ಇವು ಸಂಘದ ಕೆಲಸಗಳು. ನಿಮ್ಮ ಕೆಲಸ ಇದಕ್ಕಿಂತ ಸುಲಭ. ಪಾಸ್ ಪುಸ್ತಕ, ಸಾಲ ಕಟ್ಟಿದ ರಸೀದಿ, ಪಹಣಿ ಇವನ್ನು ಒಂದು ಚೀಲದಲ್ಲಿ ಜೋಪಾನ ಮಾಡಿ. ಕಂಪ್ಯೂಟರು ಬಂದಿದೆಯೆಂದು ಕಾಗದ ಎಸೆಯಬೇಡಿ. ಸಂಘದಲ್ಲಿ ಕಂಪ್ಯೂಟರು ಬದಲಾಯಿತೆಂದು ಕಿವಿಗೆ ಬಿದ್ದ ವಾರದಲ್ಲೇ ಹೋಗಿ, ನಿಮ್ಮ ಹೆಸರಿನ ಒಂದು ಚೀಟಿ ಅಚ್ಚು ಹಾಕಿಕೊಡಲು ಕೇಳಿ. ಹೆಸರು, ಸರ್ವೆ ನಂಬರು, ಖಾತೆ ನಂಬರು, ಬಾಕಿ ಈ ನಾಲ್ಕನ್ನು ಅಂಕೆ ಅಂಕೆಯಾಗಿ ಹೋಲಿಸಿ ನೋಡಿ. ಓದು ಬಾರದವರು ಶಾಲೆಗೆ ಹೋಗುವ ಮಕ್ಕಳನ್ನು ಕರೆದುಕೊಂಡು ಹೋಗಿ. ತಪ್ಪಿದ್ದರೆ ಅಲ್ಲಿಯೇ ಬರಹದಲ್ಲಿ ಕೊಟ್ಟು ತಾರೀಖು ಹಾಕಿಸಿಕೊಳ್ಳಿ. ಕೇಳುವುದಕ್ಕೆ ಸಂಕೋಚ ಬೇಡ. ನನ್ನ ತಪ್ಪನ್ನು ಹಿಡಿದದ್ದು ಕಂಪ್ಯೂಟರಲ್ಲ, ಡಿಪ್ಲೊಮಾ ಓದಿದ ನಾನೂ ಅಲ್ಲ. ತನ್ನ ಹೊಲದ ನಂಬರನ್ನು ಬಾಯಿಪಾಠ ಮಾಡಿಕೊಂಡಿದ್ದ ಆ ತಾಯಿ.

ಮುಂದಿನ ಕೂಟಕ್ಕೆ ಬರುವಾಗ ನಿಮ್ಮ ಪಾಸ್ ಪುಸ್ತಕವನ್ನೂ ಸಂಘದ ಚೀಟಿಯನ್ನೂ ತನ್ನಿ. ಒಟ್ಟಿಗೆ ಕುಳಿತು ಹೋಲಿಸಿ ನೋಡೋಣ.