ಪರರಾಜ್ಯದ ಕಾರು, ನಮ್ಮೂರಿನ ಗಾಳಿ



ಜಯನಗರದಲ್ಲೋ ಬನಶಂಕರಿಯಲ್ಲೋ ರಸ್ತೆಯ ಬದಿಯಲ್ಲಿ ಐದು ನಿಮಿಷ ನಿಂತು, ಹಾದುಹೋಗುವ ಕಾರುಗಳ ಸಂಖ್ಯಾಫಲಕಗಳನ್ನು ಓದಿ ನೋಡಿ. ಕೆಎ-05 ಎಂದಿದ್ದರೆ ಅದು ಜಯನಗರದ ಸಾರಿಗೆ ಕಚೇರಿಯ ಗುರುತು. ನಡುನಡುವೆ ಟಿಎನ್, ಕೆಎಲ್, ಎಪಿ, ಎಂಎಚ್ ಎಂಬ ಅಕ್ಷರಗಳೂ ಕಾಣುತ್ತವೆ. ಉದ್ಯೋಗಕ್ಕಾಗಿಯೋ ಓದಿಗಾಗಿಯೋ ಬೇರೆ ರಾಜ್ಯಗಳಿಂದ ಬಂದವರ ವಾಹನಗಳು ಅವು. ಹೀಗೆ ಬಂದ ಕಾರನ್ನು ಇಲ್ಲಿ ಮತ್ತೆ ನೋಂದಾಯಿಸಬೇಕೆ? ಮೇಲ್ನೋಟಕ್ಕೆ ಇದು ಬರಿಯ ಕಾಗದಪತ್ರದ ಪ್ರಶ್ನೆ. ಆದರೆ ಇದರ ಇನ್ನೊಂದು ತುದಿ ನಾವು ಉಸಿರಾಡುವ ಗಾಳಿಯಲ್ಲಿದೆ.

ಮೊದಲು ಕಾನೂನನ್ನು ತಿಳಿಯೋಣ. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಹೊಸ ಸಂಖ್ಯೆ ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 47ನೆಯ ಪ್ರಕರಣ ಹೇಳುತ್ತದೆ. ಅದಕ್ಕೆ ಹಳೆಯ ಊರಿನ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಸಾಲದ ಮೇಲೆ ಕೊಂಡ ಕಾರಾದರೆ ಸಾಲ ಕೊಟ್ಟವರ ಒಪ್ಪಿಗೆ ಬೇಕು. ವಿಮೆ, ಹೊಗೆ ತಪಾಸಣೆಯ ಪತ್ರ, ಹೊಸ ವಿಳಾಸದ ದಾಖಲೆಗಳೂ ಬೇಕು. ಜೊತೆಗೆ ಈ ರಾಜ್ಯದ ತೆರಿಗೆಯನ್ನೂ ಕಟ್ಟಬೇಕು. 30 ದಿನ ಮೀರಿ ಇಲ್ಲಿ ಉಳಿದ ಹೊರರಾಜ್ಯದ ವಾಹನಕ್ಕೆ ಜೀವಾವಧಿ ತೆರಿಗೆ ವಿಧಿಸಲು ಕರ್ನಾಟಕ 2014ರಲ್ಲಿ ಕಾನೂನು ತಿದ್ದಿತು. 2016ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಪಡಿಸಿತು. ಹೀಗಾಗಿ ಜನ ಈ ವಿಷಯ ಬಂದಾಗಲೆಲ್ಲ ತೆರಿಗೆಯ ಮಾತನ್ನೇ ಹೆಚ್ಚಾಗಿ ಆಡುತ್ತಾರೆ.

ಹೊಗೆಯ ಮಾತು ಬೇರೆ. 2005ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿದಂತೆ ಕೆಲವು ದೊಡ್ಡ ನಗರಗಳಿಗೆ ಹೊಸ ಕಾರುಗಳ ಬಗ್ಗೆ ಭಾರತ್ ಸ್ಟೇಜ್-3 ಎಂಬ ಕಟ್ಟುನಿಟ್ಟಾದ ಮಿತಿ ಬಂತು. ದೇಶದ ಉಳಿದ ಭಾಗಕ್ಕೆ ಆಗ ಸ್ಟೇಜ್-2 ಸಾಕಾಗಿತ್ತು. 2010ರಲ್ಲಿ ಬೆಂಗಳೂರು ಸ್ಟೇಜ್-4ಕ್ಕೆ ಏರಿತು, ಉಳಿದ ಕಡೆಗಳಿಗೆ ಸ್ಟೇಜ್-3 ಬಂತು. ಎಂದರೆ ಒಂದೇ ದಿನ ಕೊಂಡ ಎರಡು ಹೊಸ ಕಾರುಗಳಲ್ಲಿ ಒಂದಕ್ಕೆ ಜೆ.ಪಿ. ನಗರದ ವಿಳಾಸದಲ್ಲಿ ಕಠಿಣ ನಿಯಮ, ಇನ್ನೊಂದಕ್ಕೆ ಗಡಿಯಾಚೆಯ ಹೊಸೂರಿನ ವಿಳಾಸದಲ್ಲಿ ಸಡಿಲ ನಿಯಮ!

ಈ ಬೇಲಿಯಲ್ಲಿ ಒಂದು ಕಂಡಿ ಇದ್ದದ್ದನ್ನು ನೀವು ಊಹಿಸಬಲ್ಲಿರಿ. ನಿಯಮ ಕಾರಿನ ಮೊದಲ ನೋಂದಣಿಯನ್ನು ನೋಡುತ್ತಿತ್ತೇ ಹೊರತು ಅದು ದಿನವೂ ಓಡಾಡುವ ರಸ್ತೆಯನ್ನಲ್ಲ. ಹೊಸೂರಿನಲ್ಲಿ ನೋಂದಣಿಯಾದ ಕಾರು ಪ್ರತಿ ಬೆಳಿಗ್ಗೆ ಹೊಸೂರು ರಸ್ತೆ ಹಿಡಿದು, ಸಿಲ್ಕ್ ಬೋರ್ಡ್ ವೃತ್ತ ದಾಟಿ, ಬಿ.ಟಿ.ಎಂ. ಬಡಾವಣೆಗೆ ಬರಬಹುದಿತ್ತು. ಕಾಗದದ ಮೇಲೆ ಅದು ಹೊಸೂರಿನದು, ಹೊಗೆ ಮಾತ್ರ ಬೆಂಗಳೂರಿನದು. ಅದನ್ನು ಸೇವಿಸುತ್ತಿದ್ದವರು ವೃತ್ತದಲ್ಲಿ ನಿಂತ ಸಂಚಾರಿ ಪೊಲೀಸರು, ಬಸ್ಸಿಗೆ ಕಾಯುತ್ತಿದ್ದ ನಿಮ್ಮಂಥ ವಿದ್ಯಾರ್ಥಿಗಳು.

ಹಾಗಾದರೆ ಒಂದೇ ದೇಶಕ್ಕೆ ಎರಡು ನಿಯಮ ಏಕಿದ್ದವು? ಇದಕ್ಕೆ ಮುಖ್ಯ ಕಾರಣ ಇಂಧನ. ಪೆಟ್ರೋಲು, ಡೀಸೆಲ್‌ಗಳಲ್ಲಿರುವ ಗಂಧಕವು ಹೊಗೆಯನ್ನು ಶುದ್ಧಗೊಳಿಸುವ ಉಪಕರಣವನ್ನು ಹಾಳುಮಾಡುತ್ತದೆ. ಸ್ಟೇಜ್-3ರ ಡೀಸೆಲ್‌ನಲ್ಲಿ ಹತ್ತು ಲಕ್ಷ ಭಾಗಕ್ಕೆ 350 ಭಾಗದವರೆಗೆ ಗಂಧಕ ಇರಬಹುದಿತ್ತು. ಸ್ಟೇಜ್-4ರಲ್ಲಿ ಇದು 50ಕ್ಕೆ ಇಳಿಯಿತು, ಸ್ಟೇಜ್-6ರಲ್ಲಿ ಕೇವಲ 10ಕ್ಕೆ. ಶುದ್ಧ ಇಂಧನವನ್ನು ಒಮ್ಮೆಲೇ ದೇಶದ ಮೂಲೆಮೂಲೆಗೂ ಒದಗಿಸಲು ತೈಲ ಶುದ್ಧೀಕರಣ ಕೇಂದ್ರಗಳು ಸಿದ್ಧವಾಗಿರಲಿಲ್ಲ. ಆದ್ದರಿಂದ ವಾಹನ ದಟ್ಟಣೆ ಹೆಚ್ಚಿದ್ದ ನಗರಗಳಿಗೆ ಮೊದಲ ಪಂಕ್ತಿ ಸಿಕ್ಕಿತು.

ಸ್ಟೇಜ್-4 ಹಂತಹಂತವಾಗಿ ವಿಸ್ತರಿಸಿ 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಬಂತು. ಮಾರಾಟವಾಗದೆ ಉಳಿದಿದ್ದ ಸ್ಟೇಜ್-3 ವಾಹನಗಳನ್ನು ಅಂದಿನಿಂದ ಮಾರುವಂತಿಲ್ಲ, ನೋಂದಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಕೆಲವೇ ದಿನಗಳ ಮುಂಚೆ ಆದೇಶಿಸಿತು. 2020ರ ಏಪ್ರಿಲ್‌ನಲ್ಲಿ ದೇಶ ಸ್ಟೇಜ್-5ನ್ನು ಬಿಟ್ಟು ನೇರವಾಗಿ ಸ್ಟೇಜ್-6ಕ್ಕೆ ಜಿಗಿಯಿತು. ಡೀಸೆಲ್ ಕಾರೊಂದು ಕಿಲೋಮೀಟರಿಗೆ ಹೊರಬಿಡಬಹುದಾದ ಸಾರಜನಕದ ಆಕ್ಸೈಡುಗಳ ಮಿತಿ 0.25 ಗ್ರಾಂನಿಂದ 0.08 ಗ್ರಾಂಗೆ ಇಳಿಯಿತು. ಇಂದು ಹೊಸ ಕಾರಿಗೆ ಹೊಸೂರಿನಲ್ಲೂ ಜಯನಗರದಲ್ಲೂ ಒಂದೇ ಅಳತೆಗೋಲು. ಊರಿಂದೂರಿಗೆ ವರ್ಗವಾಗುವ ನೌಕರರಿಗಾಗಿ 2021ರ ಸೆಪ್ಟೆಂಬರ್‌ನಲ್ಲಿ ಬಿಎಚ್ ಎಂಬ ಅಖಿಲ ಭಾರತ ಸರಣಿಯೂ ಬಂದಿದೆ. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಖಾಸಗಿ ಸಂಸ್ಥೆಗಳ ನೌಕರರಿಗೂ ಅದು ದೊರೆಯುತ್ತದೆ.

ಹಳೆಯ ಕಾರುಗಳ ಮಾತೇನು? ಕಾರಿನ ಹಂತ ಅದು ತಯಾರಾದಾಗಲೇ ನಿರ್ಧಾರವಾಗಿರುತ್ತದೆ. ಹೊಸ ಫಲಕ ಜಡಿದರೆ ಸ್ಟೇಜ್-3ರ ಕಾರು ಸ್ಟೇಜ್-6 ಆಗದು. ಹೊಗೆ ತಪಾಸಣೆಯೂ ಪೆಟ್ರೋಲ್ ಕಾರಿನಲ್ಲಿ ಮುಖ್ಯವಾಗಿ ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನು, ಡೀಸೆಲ್ ಕಾರಿನಲ್ಲಿ ಹೊಗೆಯ ದಟ್ಟಣೆಯನ್ನು ಅಳೆಯುತ್ತದೆ. ಸಾರಜನಕದ ಆಕ್ಸೈಡುಗಳನ್ನು ಅದು ಅಳೆಯುವುದಿಲ್ಲ. ಆದರೂ ಕೆಟ್ಟ ಎಂಜಿನ್ನನ್ನು ಅದು ಪತ್ತೆಹಚ್ಚಬಲ್ಲದು. ತಪಾಸಣೆ ಮಾಡಿಸದೆ ಚೀಟಿ ಮಾತ್ರ ಪಡೆಯುವವನು ಮೋಸ ಮಾಡುವುದು ಸರ್ಕಾರಕ್ಕಲ್ಲ, ತನ್ನ ಬೀದಿಯವರ ಶ್ವಾಸಕೋಶಕ್ಕೆ.

ಆದ್ದರಿಂದ ಮಿತ್ರರೇ, ಫಲಕದ ಅಕ್ಷರ ನೋಡಿ "ಹೊರಗಿನ ಕಾರು, ಹೊಗೆ ಕಾರು" ಎಂದು ತೀರ್ಮಾನಿಸಬೇಡಿ. ಕೇರಳದಿಂದ ಬಂದ ಸ್ಟೇಜ್-6ರ ಕಾರಿಗಿಂತ ನಮ್ಮದೇ ಬೀದಿಯ ಹಳೆಯ ಕಾರು ಹೆಚ್ಚು ಹೊಗೆ ಕಾರುತ್ತಿರಬಹುದು. ಹಾಗೆಂದು ಫಲಕ ಬದಲಿಸುವ ಕರ್ತವ್ಯವೂ ಹಗುರವಲ್ಲ. ವಾಹನ ಎಲ್ಲಿ ಬಾಳುತ್ತದೆಯೋ ಅಲ್ಲಿನ ರಸ್ತೆಗೆ, ಅಲ್ಲಿನ ಗಾಳಿಗೆ ನಾನು ಹೊಣೆ ಎಂದು ಒಪ್ಪಿಕೊಳ್ಳುವುದೇ ನೋಂದಣಿಯ ಅರ್ಥ.

ಮುಂದಿನ ಸಲ ಕಾರಿನ ಮುಂದೆ ನಿಂತಾಗ ಫಲಕದ ಜೊತೆಗೆ ಎದುರು ಗಾಜಿನ ಮೇಲಿನ ಚೀಟಿಯನ್ನೂ ಗಮನಿಸಿ. ತಿಳಿನೀಲಿಯಾದರೆ ಪೆಟ್ರೋಲ್ ಅಥವಾ ಅನಿಲ, ಕಿತ್ತಳೆಯಾದರೆ ಡೀಸೆಲ್. ಮೇಲ್ಭಾಗದಲ್ಲಿ ಹಸಿರು ಪಟ್ಟಿ ಇದ್ದರೆ ಅದು ಸ್ಟೇಜ್-6. ಕಾರು ಯಾವ ಊರಿನದೆಂದು ಫಲಕ ಹೇಳುತ್ತದೆ. ಅದರ ಹೊಗೆ ಎಂಥದೆಂದು ತಿಳಿಯಲು ಈ ಪುಟ್ಟ ಚೀಟಿಯನ್ನು ಓದಬೇಕು.